ಫ್ರೇಸಿನ ಫಜೀತಿ

ಸಂಘದ ಕೂಟಗಳಲ್ಲಿ ನಾಲ್ಕು ಮಂದಿ ಗಂಡಸರು ಒಂದೆಡೆ ಸೇರಿದರೆಂದರೆ, ಮಾತು ಎಲ್ಲಿಂದ ಹೊರಟರೂ ಮೂರು ನಿಲ್ದಾಣಗಳನ್ನು ಮುಟ್ಟಿಯೇ ಮುಂದಕ್ಕೆ ಹೋಗುವುದು ವಾಡಿಕೆ. ಒಂದು ತುಟ್ಟಿಭತ್ಯ, ಎರಡು ವರ್ಗಾವಣೆ, ಮೂರು ಊರಿಗೆ ಹೋಗುವ ರೈಲಿನಲ್ಲಿ ಸಿಕ್ಕದೆ ಹೋದ ರಿಸರ್ವೇಷನ್ನು. ಈಚೆಗೆ ನಾಲ್ಕನೆಯದೊಂದು ನಿಲ್ದಾಣ ಸೇರಿಕೊಂಡಿದೆ. ಅದು ಮಕ್ಕಳ ಇಂಗ್ಲಿಷ್ ಮನೆಪಾಠ. ಅದರಲ್ಲಿಯೂ ಆರು, ಏಳು, ಎಂಟನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಒಂದೇ ಗೋಳು: ಫ್ರೇಸು.

ಫ್ರೇಸೆಂದರೆ ಪದಪುಂಜ. ಪುಸ್ತಕದಲ್ಲಿ ಇಪ್ಪತ್ತು ವಾಕ್ಯ ಕೊಟ್ಟು, ಒಂದೊಂದರಲ್ಲಿಯೂ ನಾಲ್ಕೈದು ಪದಗಳ ಕೆಳಗೆ ಗೆರೆ ಎಳೆದು, “ಇದು ಯಾವ ಜಾತಿಯ ಫ್ರೇಸು, ಗುರುತಿಸಿ” ಎಂದು ಕೇಳುತ್ತಾರೆ. ಮನುಷ್ಯರ ಜಾತಿ ಕೇಳಬಾರದೆಂದು ಮೂರನೆಯ ಪಾಠದಲ್ಲಿ ಕಲಿಸಿ, ಹನ್ನೊಂದನೆಯ ಪಾಠದಲ್ಲಿ ಪದಗಳ ಜಾತಿ ಕೇಳುವುದು ವಿದ್ಯಾಭ್ಯಾಸ ಪದ್ಧತಿಯ ಒಂದು ವಿನೋದ. ನೌನ್ ಫ್ರೇಸೋ, ಆಡ್ಜೆಕ್ಟಿವ್ ಫ್ರೇಸೋ, ಆಡ್ವರ್ಬ್ ಫ್ರೇಸೋ ಹೇಳಬೇಕು. ಮಗು ಪೆನ್ಸಿಲ್ ಕಚ್ಚುತ್ತದೆ. ತಂದೆ ಕಚೇರಿಯಿಂದ ಬಂದು ಅಂಗಿ ಬಿಚ್ಚುವ ಮೊದಲೇ ಅವನ ಮುಂದೆ ನೋಟ್‌ಬುಕ್ಕು ಬಂದು ನಿಲ್ಲುತ್ತದೆ.

ಗುಮಾಸ್ತೆಯಾದವನಿಗೆ ಫ್ರೇಸಿನ ಪರಿಚಯ ಇತರರಿಗಿಂತ ಹೆಚ್ಚೆಂದು ನಾವು ಹೇಳಿಕೊಂಡರೆ ವಾಚಕರು ಆತ್ಮಪ್ರಶಂಸೆಯೆಂದು ಭಾವಿಸಬಾರದು. ಪೂರ್ಣಕ್ರಿಯಾಪದವಿಲ್ಲದ, ಅರ್ಥವಿದ್ದೂ ಅರ್ಥ ಪೂರ್ತಿಯಾಗದ ಪದಗಳ ಗುಂಪೇ ಫ್ರೇಸೆಂದು ವ್ಯಾಕರಣಕಾರರ ಮತ. ಕ್ರಿಯಾಪದ ಬಂದು ಕುಳಿತರೆ ಅದು ಕ್ಲಾಜು. (ನಮ್ಮವರ ಬಾಯಲ್ಲಿ ಕ್ಲಾಜೂ ಕ್ಲಾಸೂ ಒಂದೇ ಆಗಿಬಿಡುವುದರಿಂದ ಮಕ್ಕಳಿಗೆ ಆಗುವ ಗಲಿಬಿಲಿ ಬೇರೆ.) ಈ ಲಕ್ಷಣವನ್ನು ನಮ್ಮ ಕಡತಗಳಿಗೆ ಹಚ್ಚಿ ನೋಡಿ. “ಇನ್ ಕಂಟಿನ್ಯುಯೇಷನ್ ಆಫ್ ದಿಸ್ ಆಫೀಸ್ ಲೆಟರ್ ಆಫ್ ಈವನ್ ನಂಬರ್”, “ವಿತ್ ರೆಫರೆನ್ಸ್ ಟು ದಿ ಸಬ್ಜೆಕ್ಟ್ ಸೈಟೆಡ್ ಅಬೌವ್”, “ಫಾರ್ ನೆಸೆಸರಿ ಆಕ್ಷನ್ ಪ್ಲೀಸ್”. ಎಲ್ಲಿಯಾದರೂ ಒಂದು ಪೂರ್ಣಕ್ರಿಯಾಪದ ಕಾಣಿಸಿತೆ? ಕಡತವು ಮೇಜಿನಿಂದ ಮೇಜಿಗೆ ಆರು ತಿಂಗಳು ಸಂಚರಿಸಿದರೂ ಯಾರೂ ಏನೂ ಮಾಡಿರುವುದಿಲ್ಲ. ಮಾಡುವ ಪದವೇ ಅದರಲ್ಲಿಲ್ಲವಲ್ಲ!

ಅದಿರಲಿ. ವಿಷಯ ಇಷ್ಟೇ ಆಗಿದ್ದರೆ ನಾವು ಈ ಪುಟವನ್ನು ಅದಕ್ಕೆ ಕೊಡುತ್ತಿರಲಿಲ್ಲ. ಫ್ರೇಸಿನ ಫಜೀತಿಯಿಂದ ನಮ್ಮ ಮನೆಗಳಲ್ಲಿ ಎರಡು ಕೆಲಸಗಳು ನಡೆದಿವೆ. ಮೊದಲನೆಯದು, ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಕೇಳಿದರೆ, “ಅದೇ ಹೊತ್ತಿಗೆ ಇಂಗ್ಲಿಷ್ ಗ್ರಾಮರ್ ಟ್ಯೂಷನ್ ಇಟ್ಟಿದ್ದಾರೆ, ಏನು ಮಾಡೋಣ ಸ್ವಾಮಿ” ಎನ್ನುತ್ತಾರೆ. ಎರಡನೆಯದು ಮನೆಯೊಳಗೆ ನಡೆಯುವಂಥದು, ಆದ್ದರಿಂದ ಲೆಕ್ಕಕ್ಕೆ ಸಿಕ್ಕದು. ನಮ್ಮಲ್ಲಿ ಅನೇಕ ತಾಯಂದಿರು ಸಾಗರ, ಹಾಸನ, ಧಾರವಾಡಗಳ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ, ಮದುವೆಯಾಗಿ ಇಷ್ಟು ದೂರ ಬಂದವರು. ಎರಡು ವರ್ಷದಲ್ಲಿ ತರಕಾರಿಯವನೊಡನೆ ಚೌಕಾಸಿ ಮಾಡುವಷ್ಟು ಬಂಗಾಳಿ ಕಲಿತರು, ಮೀನಿನ ವಾಸನೆಗೆ ಒಗ್ಗಿಕೊಂಡರು, ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು, ಬಾಳೆಯೆಲೆ ಯಾರ ಬಳಿ ಚೆನ್ನಾಗಿರುತ್ತದೆಂದು ತಿಳಿದುಕೊಂಡರು. ಮಗುವಿಗೆ ಅಕ್ಷರ ತಿದ್ದಿಸಿದವರೂ ಮಗ್ಗಿ ಹೇಳಿಸಿದವರೂ ಅವರೇ. ಆದರೆ ಆರನೆಯ ತರಗತಿಗೆ ಬರುವ ಹೊತ್ತಿಗೆ ಮಗು ಒಂದು ಸಂಜೆ ಹೇಳುತ್ತದೆ: “ನಿನಗೆ ಗೊತ್ತಾಗಲ್ಲ, ಬಿಡಮ್ಮ.”

ನಮ್ಮ ಮನೆಯಲ್ಲಿಯೂ ಈ ಮಾತು ಬಂತು. ಮಗಳು ಮುಗ್ಧವಾಗಿಯೇ ಅಂದಳು, ಒರಟಾಗಿ ಅಲ್ಲ. ನಮ್ಮ ಮನೆಯಾಕೆ ಏನೂ ಅನ್ನದೆ ಎದ್ದು ಹೋಗಿ ಹಾಲಿಗೆ ಹೆಪ್ಪು ಹಾಕಿದಳು. ಆದರೆ ಆ ‘ಬಿಡು’ ಇದೆಯಲ್ಲ, ಅದು ಒಂದು ಸಲ ಬಾಯಿಗೆ ಬಂದರೆ ವ್ಯಾಕರಣಕ್ಕೇ ನಿಲ್ಲುವುದಿಲ್ಲ. ಇತಿಹಾಸಕ್ಕೆ, ವಿಜ್ಞಾನಕ್ಕೆ, ಕಡೆಗೆ ಯಾರೊಡನೆ ಸ್ನೇಹ ಮಾಡಬೇಕು ಎಂಬ ವಿಚಾರಕ್ಕೂ ಹಬ್ಬುತ್ತದೆ. ಟ್ಯೂಷನ್ನಿನ ಫೀಜಾದರೂ ಮುಂದಿನ ತಿಂಗಳ ಸಂಬಳದಲ್ಲಿ ತೀರೀತು. ಇದು ತೀರುವಂಥದಲ್ಲ.

ಹಾಗಾದರೆ ಉಪಾಯವೇನು? ಉಪಾಯ ಇದೆ, ಅದೂ ಕನ್ನಡದಲ್ಲಿಯೇ ಇದೆ ಎಂಬುದನ್ನು ಹೇಳುವುದಕ್ಕಾಗಿಯೇ ಇಷ್ಟು ಪೀಠಿಕೆ. ಇಂಗ್ಲಿಷ್ ಫ್ರೇಸಿನ ಜಾತಿ ಕಂಡುಹಿಡಿಯುವುದಕ್ಕೆ ಇಂಗ್ಲಿಷಿಗಿಂತ ಕನ್ನಡವೇ ಮೇಲು.

ಒಂದು ಸಾಮಾನ್ಯ ಉದಾಹರಣೆ ತೆಗೆದುಕೊಳ್ಳೋಣ. “ದಿ ಮ್ಯಾನ್ ಇನ್ ದಿ ಗಾರ್ಡನ್ ಈಸ್ ಮೈ ಅಂಕಲ್” ಎಂಬುದು ಒಂದು ವಾಕ್ಯ. “ದಿ ಮ್ಯಾನ್ ಸ್ಲೆಪ್ಟ್ ಇನ್ ದಿ ಗಾರ್ಡನ್” ಇನ್ನೊಂದು. ಎರಡರಲ್ಲಿಯೂ ‘ಇನ್ ದಿ ಗಾರ್ಡನ್’ ಇದೆ. ಅವೇ ಮೂರು ಪದ, ಅದೇ ಕ್ರಮ. ಒಂದು ಅಕ್ಷರವೂ ವ್ಯತ್ಯಾಸವಿಲ್ಲ. ಆದರೆ ಮೊದಲನೆಯದು ಆಡ್ಜೆಕ್ಟಿವ್ ಫ್ರೇಸಂತೆ, ಎರಡನೆಯದು ಆಡ್ವರ್ಬ್ ಫ್ರೇಸಂತೆ. ಮಗು ದಿಕ್ಕೆಟ್ಟು ನೋಡಿದರೆ ಆಶ್ಚರ್ಯವೇನು? ಒಂದೇ ಅಂಗಿ ತೊಟ್ಟ ಅವಳಿ ಮಕ್ಕಳಲ್ಲಿ ರಾಮನಾರು ಲಕ್ಷ್ಮಣನಾರು ಎಂದು ಕೇಳಿದ ಹಾಗಾಯಿತು.

ಈಗ ಅವೆರಡನ್ನೂ ಕನ್ನಡದಲ್ಲಿ ಹೇಳಿ ನೋಡಿ. “ತೋಟದಲ್ಲಿರುವ ಮನುಷ್ಯ ನಮ್ಮ ಮಾವ.” “ಆ ಮನುಷ್ಯ ತೋಟದಲ್ಲಿ ಮಲಗಿದ.” ಅವಳಿ ಮಕ್ಕಳು ಅಂಗಿ ಬದಲಾಯಿಸಿಕೊಂಡು ಬಂದು ನಿಂತರು! ಮೊದಲನೆಯದಕ್ಕೆ ‘ಇರುವ’ ಅಂಟಿಕೊಂಡಿತು. ಎರಡನೆಯದು ಬರಿಯ ‘ಅಲ್ಲಿ’ಯಲ್ಲಿ ನಿಂತಿತು. ಕನ್ನಡದಲ್ಲಿ ಸಪ್ತಮೀ ವಿಭಕ್ತಿಯ ಪದ ನೇರವಾಗಿ ನಾಮಪದವನ್ನು ವರ್ಣಿಸಲಾರದು. ‘ತೋಟದಲ್ಲಿ ಮನುಷ್ಯ’ ಎಂದು ಯಾವ ಅಜ್ಜಿಯೂ ಹೇಳಳು. ನಾಮಪದದ ಬಾಗಿಲು ತಟ್ಟಬೇಕಾದರೆ ಒಂದೋ ‘ಇರುವ’, ‘ಉಳ್ಳ’ ಎಂಬ ಪದ ಬೇಕು, ಇಲ್ಲವೆ ‘ತೋಟದ ಮನುಷ್ಯ’ ಎಂದು ಷಷ್ಠಿಯಾಗಬೇಕು. ಕ್ರಿಯಾಪದದ ಮನೆಗಾದರೋ ‘ಅಲ್ಲಿ’, ‘ಇಂದ’, ‘ಗೆ’ಗಳು ಬಾಗಿಲು ತಟ್ಟದೆಯೇ ಒಳಕ್ಕೆ ಹೋಗುತ್ತವೆ.

ಮೇಲೆ, ಕೆಳಗೆ, ಮುಂದೆ, ಹಿಂದೆ, ಒಳಗೆ, ಬಳಿ ಮುಂತಾದವುಗಳಲ್ಲಿ ಇದು ಇನ್ನೂ ಸ್ಪಷ್ಟ. “ಟ್ರಾಮು ಸೇತುವೆಯ ಬಳಿ ನಿಂತಿತು”, ಆದರೆ “ಸೇತುವೆಯ ಬಳಿಯ ಅಂಗಡಿ ಮುಚ್ಚಿದೆ”. “ಡಬ್ಬವನ್ನು ಅಟ್ಟದ ಮೇಲೆ ಇಡು”, ಆದರೆ “ಅಟ್ಟದ ಮೇಲಿನ ಡಬ್ಬ ತೆಗೆದುಕೊಡು”. ಕೆಳಗೆ–ಕೆಳಗಿನ, ಮುಂದೆ–ಮುಂದಿನ, ಹಿಂದೆ–ಹಿಂದಿನ, ಒಳಗೆ–ಒಳಗಿನ. ಕಡೆಯಲ್ಲಿ ‘ಎ’ ಇದ್ದರೆ ಆಡ್ವರ್ಬು, ‘ಇನ’ ಬಂದರೆ ಆಡ್ಜೆಕ್ಟಿವು. ಇಂಗ್ಲಿಷಿನವನಿಗೆ ‘ನಿಯರ್ ದಿ ಬ್ರಿಜ್’, ‘ಆನ್ ದಿ ಲಾಫ್ಟ್’ ಎರಡು ಕಡೆಯೂ ಒಂದೇ. ನಮ್ಮ ಭಾಷೆ ಜಾತಿಯನ್ನು ಹಣೆಯ ಮೇಲೆಯೇ ಬರೆದುಕೊಂಡು ತಿರುಗುತ್ತದೆ.

ಇಂಗ್ಲಿಷಿನ ಈ ಗುಣದಿಂದ ಅನರ್ಥವೂ ಉಂಟು. “ದಿ ಓಲ್ಡ್ ಲೇಡಿ ಬೀಟ್ ದಿ ಥೀಫ್ ವಿತ್ ದಿ ಅಂಬ್ರೆಲಾ” ಎಂದರೆ ಛತ್ರಿ ಯಾರ ಕೈಯಲ್ಲಿತ್ತು? ಮುದುಕಿ ಛತ್ರಿಯಿಂದ ಕಳ್ಳನನ್ನು ಹೊಡೆದಳೋ, ಛತ್ರಿಯಿದ್ದ ಕಳ್ಳನನ್ನು ಬರಿಗೈಯಿಂದ ಹೊಡೆದಳೋ? ನ್ಯಾಯಾಲಯಕ್ಕೆ ಹೋದರೆ ಇಬ್ಬರು ವಕೀಲರಿಗೂ ಕೆಲಸವಾದೀತು. ಕನ್ನಡದಲ್ಲಿ ‘ಛತ್ರಿಯಿಂದ’, ‘ಛತ್ರಿಯಿದ್ದ’ ಎಂದು ಬೇರೆಯಾಗಿ ಹೋಗುವುದರಿಂದ ಮೊಕದ್ದಮೆ ಮೊದಲನೆಯ ದಿನವೇ ಇತ್ಯರ್ಥ. ಮಳೆಗಾಲದಲ್ಲಿ ಕಲ್ಕತ್ತೆಯ ಬಸ್ಸು ಹತ್ತಿ ಇಳಿಯುವವರಿಗೆ ಛತ್ರಿ ಆಯುಧವಾಗುವ ಬಗೆಯನ್ನು ನಾವು ವಿವರಿಸಬೇಕಾಗಿಲ್ಲ.

ಇನ್ನು ‘ಟು’ ಎಂಬುದರ ಕಥೆ. ಮಕ್ಕಳು ಹೆಚ್ಚು ಮುಗ್ಗರಿಸುವುದು ಇಲ್ಲಿಯೇ. “ಟು ರೀಡ್ ಅಲೌಡ್ ಈಸ್ ಎ ಗುಡ್ ಹ್ಯಾಬಿಟ್.” “ಶಿ ಹ್ಯಾಸ್ ಮೆನಿ ಬುಕ್ಸ್ ಟು ರೀಡ್.” “ಶಿ ವೆಂಟ್ ಟು ದಿ ಲೈಬ್ರರಿ ಟು ರೀಡ್.” ಮೂರು ಕಡೆಯೂ ‘ಟು ರೀಡ್’. ಜಾತಿ ಮಾತ್ರ ಮೂರು. ಕನ್ನಡದಲ್ಲಿ? ಗಟ್ಟಿಯಾಗಿ ಓದುವುದು ಒಳ್ಳೆಯ ಅಭ್ಯಾಸ. ಅವಳಿಗೆ ಓದಬೇಕಾದ ಪುಸ್ತಕಗಳು ಬಹಳ ಇವೆ. ಅವಳು ಓದಲು ಲೈಬ್ರರಿಗೆ ಹೋದಳು. ಓದುವುದು, ಓದಬೇಕಾದ, ಓದಲು! ‘ವುದು’ ಬಂದರೆ ನೌನು, ‘ಅ’ಕಾರದಲ್ಲಿ ಮುಗಿದು ಮುಂದಿನ ನಾಮಪದವನ್ನು ಹಿಡಿದುಕೊಂಡರೆ ಆಡ್ಜೆಕ್ಟಿವು, ‘ಅಲು’ ಬಂದರೆ ಆಡ್ವರ್ಬು. ‘ಓದಲು’ ಎಂಬುದನ್ನು ಮನೆಯಲ್ಲಿ ‘ಓದುವುದಕ್ಕೆ’, ‘ಓದಕ್ಕೆ’ ಎಂದೂ ಅನ್ನುತ್ತೇವೆ, ಅದೂ ಆಡ್ವರ್ಬೇ. ‘ಕ್ಕೆ’ ಇದೆಯೆಂಬುದನ್ನು ನೋಡಿಕೊಂಡರೆ ಸಾಕು.

ಈ ಮೂರು ರೂಪಗಳನ್ನು ನಾವು ಕಾಗದದ ಮೇಲೆ ಒಂದರ ಕೆಳಗೊಂದು ಬರೆದು ಇಟ್ಟಿದ್ದೆವು. ನಮ್ಮ ಮನೆಯಾಕೆ ಕೈ ಒರಸಿಕೊಳ್ಳುತ್ತ ಬಂದು ನೋಡಿ, “ಇದೇನ್ರಿ, ಇದು ಕೃದಂತ ಅಲ್ವೆ?” ಎಂದಳು. ಕೃದಂತನಾಮ, ಕೃದಂತ ಭಾವನಾಮ, ಕೃದಂತಾವ್ಯಯ. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದು. ನೋಡುವ, ಓದುವ ಎಂಬವು ಕೃದಂತನಾಮ. ನೋಡುವುದು, ನೋಡುವಿಕೆ, ನೋಟ ಎಂಬವು ಭಾವನಾಮ. ನೋಡಲು, ನೋಡುತ್ತ, ನೋಡಿ ಎಂಬವು ಅವ್ಯಯ. ಆಡ್ಜೆಕ್ಟಿವು, ನೌನು, ಆಡ್ವರ್ಬು! ಅಂದು ಇದು ಯಾವ ಪ್ರಯೋಜನಕ್ಕೆಂದು ಇಡೀ ತರಗತಿ ಗೊಣಗಿತ್ತಂತೆ. ಅಂದಿನಿಂದ ಎರಡು ಮೂರು ಸಂಜೆ ತಾಯಿ ಮಗಳು ಅಡಿಗೆಮನೆಯ ಹೊಸ್ತಿಲ ಬಳಿ ಕುಳಿತುಕೊಂಡರು. ಮಗಳು ಇಂಗ್ಲಿಷ್ ವಾಕ್ಯ ಓದಿ ಅರ್ಥ ಹೇಳುವುದು, ತಾಯಿ ಅದನ್ನು ಮನೆಮಾತಿಗೆ ತಿರುಗಿಸಿ “ಮೇಲೆ ಅಂತ ಬಂತೋ ಮೇಲಿನ ಅಂತ ಬಂತೋ ನೋಡೆ” ಎನ್ನುವುದು, ಮಗಳು ಉತ್ತರ ಬರೆಯುವುದು. ನಮಗೆ ಅಲ್ಲಿ ಕೆಲಸವಿರಲಿಲ್ಲ. ಕಾಫಿ ಕೇಳಿದ್ದಕ್ಕೆ “ನೀವು ಸ್ವಲ್ಪ ಸುಮ್ನಿರಿ” ಎಂದು ಇಬ್ಬರೂ ಒಟ್ಟಿಗೆ ಅಂದರು.

ಬಂಗಾಳಿಗಳ ಮನೆಯ ಮಕ್ಕಳಿಗೂ ಈ ಉಪಾಯ ಅರ್ಧದಷ್ಟು ದಕ್ಕುತ್ತದೆ. ‘ಬಾಗಾನೇ’ ಎಂದರೆ ತೋಟದಲ್ಲಿ, ‘ಬಾಗಾನೇರ್’ ಎಂದರೆ ತೋಟದ. ‘ಟೇಬಿಲೇರ್ ಉಪೋರ್’ ಎಂಬುದು ನಮ್ಮ ‘ಮೇಜಿನ ಮೇಲೆ’ ಎಂಬುದರ ತದ್ರೂಪು. ಮೊದಲು ಷಷ್ಠಿ, ಆಮೇಲೆ ‘ಮೇಲೆ’. ಇಂಗ್ಲಿಷಿನವನು ನಾಮಪದಕ್ಕೆ ಮುಂಚೆ ಇಡುವುದನ್ನು ನಾವೂ ಅವರೂ ಹಿಂದೆ ಇಡುತ್ತೇವೆ. ಭಾಷೆಯ ಕುಲ ಬೇರೆಯಾದರೂ ನೆರೆಹೊರೆಯ ನಡತೆ ಒಂದೇ. ನಮ್ಮ ಮಕ್ಕಳು ಆಟದಲ್ಲಿ ಬಂಗಾಳಿ, ಊಟದಲ್ಲಿ ಕನ್ನಡ, ಪಾಠದಲ್ಲಿ ಇಂಗ್ಲಿಷು ಆಡುತ್ತಾರೆ. ಪಾಠದ ಭಾಷೆಯೊಂದನ್ನೇ ದೀಪದ ಕೆಳಗೆ ಇಟ್ಟು ಉಳಿದೆರಡನ್ನು ಕತ್ತಲೆಗೆ ನೂಕುವುದೇಕೆ?

ಈ ಊರಿನಲ್ಲಿ ಇಂಗ್ಲಿಷ್ ವ್ಯಾಕರಣಕ್ಕೆ ಇರುವ ಮರ್ಯಾದೆಯನ್ನೂ ಒಂದೆರಡು ಮಾತಿನಲ್ಲಿ ಹೇಳಬೇಕು. ಇಲ್ಲಿಯ ಹಳಬರ ಮನೆಗಳಲ್ಲಿ ಪಿ. ಕೆ. ದೇ ಸರ್ಕಾರರ ಇಂಗ್ಲಿಷ್ ವ್ಯಾಕರಣ ಪಂಚಾಂಗದ ಪಕ್ಕದಲ್ಲಿರುತ್ತದೆ. ಕಾಲೇಜ್ ಸ್ಟ್ರೀಟಿನ ಅಂಗಡಿಗಳಲ್ಲಿ ಇಂದಿಗೂ ಸಿಕ್ಕುತ್ತದೆ. 1980ರ ದಶಕದ ಮೊದಲಲ್ಲಿ ರಾಜ್ಯ ಸರ್ಕಾರವು ಸರ್ಕಾರಿ ಪ್ರಾಥಮಿಕ ಶಾಲೆಗಳಿಂದ ಇಂಗ್ಲಿಷನ್ನು ತೆಗೆದುಹಾಕಿತು. ಮಾತೃಭಾಷೆಯಲ್ಲಿ ತಳಹದಿ ಭದ್ರವಾಗಲಿ ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ, ಆದರೆ ಕೈಯಲ್ಲಿ ಕಾಸಿದ್ದವರು ಮಕ್ಕಳನ್ನು ಇಂಗ್ಲಿಷ್ ಶಾಲೆಗಳಿಗೆ ಹಾಕಿದರು, ಇಲ್ಲದವರು ಮನೆಮೇಷ್ಟರನ್ನು ಇಟ್ಟುಕೊಂಡರು, ಅದೂ ಆಗದವರು ಸುಮ್ಮನಾದರು. ಬಹುಕಾಲ ವಾದವಿವಾದ ನಡೆದು, 2004ರಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಮರಳಿ ಬಂತು. ಶಾಲೆಯಿಂದ ಹೋದದ್ದು ಮರಳಿ ಬಂದರೂ, ಅದರ ಜೊತೆಗೆ ಬೆಳೆದ ಟ್ಯೂಷನ್ನು ಮಾತ್ರ ಹಿಂದಿರುಗಿ ಹೋಗಲಿಲ್ಲ. ಅತಿಥಿಯ ಹಾಸಿಗೆ ಸುತ್ತಿಡುವ ಧೈರ್ಯ ಯಾರಿಗೂ ಇಲ್ಲ.

ಮೊನ್ನೆ ಸಂಘದ ಸದಸ್ಯರೊಬ್ಬರು ಒಂದು ನೋಟ್‌ಬುಕ್ಕು ತಂದು ತೋರಿಸಿದರು. ಅವರ ಮಗ ‘ಎ ಗರ್ಲ್ ವಿತ್ ಲಾಂಗ್ ಹೇರ್’ ಎಂಬುದರಲ್ಲಿ ‘ವಿತ್ ಲಾಂಗ್ ಹೇರ್’ ಎಂಬುದನ್ನು ಆಡ್ಜೆಕ್ಟಿವ್ ಫ್ರೇಸೆಂದು ಬರೆದಿದ್ದ. ತಂದೆಯೇ ಹೇಳಿಕೊಟ್ಟದ್ದು. ಶಾಲೆಯಲ್ಲಿ ಕೆಂಪು ಮಸಿಯಿಂದ ಹೊಡೆದುಹಾಕಿ ‘ಪ್ರೆಪೊಸಿಷನಲ್ ಫ್ರೇಸ್’ ಎಂದು ತಿದ್ದಿದ್ದರು. “ನಾನು ಓದಿದ ಇಂಗ್ಲಿಷೇ ತಪ್ಪೇನ್ರಿ?” ಎಂದು ಪಾಪ, ಅವರು ಕಂಗಾಲಾಗಿದ್ದರು. ಮಗನ ಮುಂದೆ ತಲೆ ತಗ್ಗಿಸಬೇಕಾದದ್ದು ಅವರಿಗೆ ಅಂಕ ಹೋದುದಕ್ಕಿಂತ ಹೆಚ್ಚು ನೋವಾಗಿತ್ತು.

ತಪ್ಪೂ ಅಲ್ಲ, ಗಿಪ್ಪೂ ಅಲ್ಲ. ಇಲ್ಲಿ ಎರಡು ಸಂಪ್ರದಾಯಗಳಿವೆ. ಉತ್ತರ ಭಾರತದಲ್ಲಿ ವಿದ್ಯಾ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ನೆಸ್‌ಫೀಲ್ಡರು ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಬರೆದ ವ್ಯಾಕರಣ, ಆಮೇಲೆ 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣ, ಇವುಗಳಲ್ಲಿ ಫ್ರೇಸಿಗೆ ಅದು ಮಾಡುವ ಕೆಲಸದಿಂದ ಹೆಸರು. ನಾಮಪದದ ಕೆಲಸ ಮಾಡಿದರೆ ನೌನ್ ಫ್ರೇಸು, ವಿಶೇಷಣದ ಕೆಲಸ ಮಾಡಿದರೆ ಆಡ್ಜೆಕ್ಟಿವ್ ಫ್ರೇಸು. ನಮ್ಮ ತಲೆಮಾರಿನವರಲ್ಲಿ ಹೆಚ್ಚಿನವರು ಕಲಿತದ್ದು ಇದು. (ಈ ರೆನ್ ಸಾಹೇಬರು ಭಾರತದ ವಿದ್ಯಾ ಇಲಾಖೆಯಲ್ಲಿದ್ದವರೇ. 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿ ಬರೆದು ಲೋಕಪ್ರಸಿದ್ಧರಾದರು. ಮರುಭೂಮಿಯ ಕೋಟೆಯಲ್ಲಿ ಗುಂಡು ಹಾರಿಸಿದ ಕೈಯೇ ನಮಗೆ ಫ್ರೇಸನ್ನೂ ಹಾರಿಸಿತು.) ಇಪ್ಪತ್ತನೆಯ ಶತಮಾನದ ಭಾಷಾಶಾಸ್ತ್ರಜ್ಞರು ಬೇರೆ ದಾರಿ ಹಿಡಿದರು. ಫ್ರೇಸಿನ ತಲೆ ಯಾವ ಪದವೋ ಅದರಿಂದ ಹೆಸರಿಡಬೇಕೆಂದರು. ತಲೆ ನಾಮಪದವಾದರೆ ಇಡೀ ಗುಂಪು ನೌನ್ ಫ್ರೇಸು. ‘ವಿತ್’, ‘ಇನ್’ ಮುಂತಾದವು ತಲೆಯಾದರೆ ಪ್ರೆಪೊಸಿಷನಲ್ ಫ್ರೇಸು. ಈ ಕ್ರಮ ಈಗ ಹಲವು ಶಾಲೆಗಳ ಪುಸ್ತಕಗಳಿಗೆ ಇಳಿದುಬಂದಿದೆ.

ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಒಂದು ಹುದ್ದೆ, ಇನ್ನೊಂದು ಸೀಟು. ಒಬ್ಬ ಅಪ್ಪರ್ ಡಿವಿಷನ್ ಕ್ಲಾರ್ಕು ಇಂದು ರಜೆಯ ಸೀಟಿನಲ್ಲಿರಬಹುದು, ನಾಳೆ ಪಿಂಚಣಿಯ ಸೀಟಿನಲ್ಲಿ ಕೂರಬಹುದು. ಅವನ ಹುದ್ದೆ ಬದಲಾಗದು, ಮಾಡುವ ಕೆಲಸ ಬದಲಾಗುತ್ತದೆ. ‘ವಿತ್ ಲಾಂಗ್ ಹೇರ್’ ಎಂಬುವನ ಹುದ್ದೆ ಪ್ರೆಪೊಸಿಷನಲ್ ಫ್ರೇಸು. ಆ ವಾಕ್ಯದಲ್ಲಿ ಅವನು ಕುಳಿತಿರುವುದು ಆಡ್ಜೆಕ್ಟಿವಿನ ಸೀಟು. ಕೇಳಿದ್ದು ಹುದ್ದೆಯೋ ಸೀಟೋ ಎಂಬುದನ್ನು ತಿಳಿದುಕೊಂಡು ಉತ್ತರಿಸಬೇಕು. ಮಗುವಿನ ಪುಸ್ತಕದಲ್ಲಿ ಆ ಪಾಠದ ಮೊದಲನೆಯ ಪುಟ ತೆರೆದು, ಫ್ರೇಸುಗಳ ಪಟ್ಟಿಯಲ್ಲಿ ‘ಪ್ರೆಪೊಸಿಷನಲ್’ ಎಂಬ ಹೆಸರು ಇದೆಯೆ ಎಂದು ನೋಡಿ. ಇದ್ದರೆ ಸಾಧಾರಣವಾಗಿ ಹುದ್ದೆಯ ಲೆಕ್ಕ; ಇಲ್ಲದಿದ್ದರೆ ಸೀಟಿನ ಲೆಕ್ಕ. ಎರಡೂ ಕಲಸಿಹೋದ ಪುಸ್ತಕಗಳೂ ಉಂಟು. ಅಂಥಲ್ಲಿ ಮೇಷ್ಟರನ್ನೇ ಕೇಳುವುದು ಲೇಸು. ನೋಟ್‌ಬುಕ್ಕು ತಂದ ಮಹನೀಯರಿಗೆ ಇದನ್ನೇ ಹೇಳಿದೆವು. ಅವರು ಮನೆಗೆ ಹೋಗಿ ಮಗನಿಗೆ ಹುದ್ದೆ, ಸೀಟು ಎರಡನ್ನೂ ಬರೆಯುವುದು ಕಲಿಸಿದರಂತೆ. ಮುಖದಲ್ಲಿ ಕಳೆ ಮರಳಿದೆ.

ಹೊಸ ಲೆಕ್ಕದ ತಲೆ ಹುಡುಕುವುದಕ್ಕೂ ಕನ್ನಡ ಬೇಕು. “ದೋಸ್ ತ್ರೀ ಓಲ್ಡ್ ಕಪ್ಸ್ ಆನ್ ದಿ ಶೆಲ್ಫ್” ಎಂಬ ಗುಂಪಿನಲ್ಲಿ ತಲೆ ಯಾವುದು? ಮಗು ಕಡೆಯ ಪದ ನೋಡಿ ‘ಶೆಲ್ಫ್’ ಎನ್ನುತ್ತದೆ, ಮೊದಲನೆಯದು ನೋಡಿ ‘ದೋಸ್’ ಎನ್ನುತ್ತದೆ. ಇಂಗ್ಲಿಷಿನಲ್ಲಿ ತಲೆ ಹೊಟ್ಟೆಯ ಮಧ್ಯದಲ್ಲಿ ಅವಿತುಕೊಂಡಿರುತ್ತದೆ. ಕನ್ನಡಿಸಿ: “ಹಲಗೆಯ ಮೇಲಿನ ಆ ಮೂರು ಹಳೆಯ ಕುಡಿಕೆಗಳು.” ತಲೆ ಕಟ್ಟಕಡೆಗೆ ಬಂದು ನಿಂತಿತು. ಸಂಶಯವಿದ್ದರೆ “ತೊಳೆದೆ” ಎಂಬುದನ್ನು ಸೇರಿಸಿ ನೋಡಿ. ‘ಕುಡಿಕೆಗಳನ್ನು ತೊಳೆದೆ’ ಎಂದು ದ್ವಿತೀಯಾ ವಿಭಕ್ತಿ ಆ ಒಂದು ಪದಕ್ಕೇ ಹತ್ತುತ್ತದೆ. ಹಲಗೆ, ಮೂರು, ಹಳೆಯ ಯಾವುದಕ್ಕೂ ಹತ್ತದು. ‘ಅನ್ನು’ ಯಾರಿಗೆ ಅಂಟಿತೋ ಅವರೇ ಯಜಮಾನರು. ತತ್ಪುರುಷ ಸಮಾಸದಲ್ಲಿ ಉತ್ತರಪದದ ಅರ್ಥವೇ ಪ್ರಧಾನ ಎಂದು ಕಲಿಯಲಿಲ್ಲವೆ? ಬೆಟ್ಟದಾವರೆಯಲ್ಲಿ ತಾವರೆ ಮುಖ್ಯ, ಮಳೆಗಾಲದಲ್ಲಿ ಕಾಲ ಮುಖ್ಯ. ಇದೂ ಅದೇ ನೀತಿ.

ಈ ಉಪಾಯ ಕೈಕೊಡುವ ಸ್ಥಳಗಳೂ ಉಂಟು, ಮುಚ್ಚಿಡುವುದು ಸರಿಯಲ್ಲ. “ಇನ್ ಸ್ಪೈಟ್ ಆಫ್ ದಿ ರೇನ್” ಎಂಬುದನ್ನು ನಾವು ಸಹಜವಾಗಿ “ಮಳೆ ಬಂದರೂ” ಎನ್ನುತ್ತೇವೆ. ಅಲ್ಲಿ ಕ್ರಿಯೆಯೊಂದು ನುಸುಳಿಬಿಟ್ಟಿತು. “ಮಳೆಯನ್ನೂ ಲೆಕ್ಕಿಸದೆ” ಎಂದು ತಿರುಗಿಸಿ, ಅದು ‘ಹೋದ’ ಎಂಬ ಕ್ರಿಯಾಪದವನ್ನು ಹಿಡಿದಿದೆಯೆಂದು ಕಂಡುಕೊಳ್ಳಬೇಕು. “ದಿ ಬುಕ್ ಈಸ್ ಆಫ್ ಗ್ರೇಟ್ ವ್ಯಾಲ್ಯೂ” ಎಂಬಲ್ಲಿ ಫ್ರೇಸಿನ ಮುಂದೆ ನಾಮಪದವೇ ಇಲ್ಲ. ಆದರೂ ಅದು ಆಡ್ಜೆಕ್ಟಿವ್ ಫ್ರೇಸು. ಕನ್ನಡದಲ್ಲಿ “ಬಹು ಬೆಲೆಯುಳ್ಳದ್ದು” ಎಂದಾಗುತ್ತದೆ. ‘ಉಳ್ಳ’ ಎಂಬ ಗುರುತು ಸಿಕ್ಕಿತು. ನುಡಿಗಟ್ಟುಗಳಂತೂ ಯಾವ ತಕ್ಕಡಿಗೂ ಬಗ್ಗುವುದಿಲ್ಲ. ಅವನ್ನು ಬಾಯಿಪಾಠ ಮಾಡುವುದೊಂದೇ ಗತಿ. ಆದರೆ ಇಪ್ಪತ್ತರಲ್ಲಿ ಬಹುಪಾಲು ಈ ದಾರಿಯಿಂದಲೇ ದಡ ಸೇರುತ್ತವೆ.

ಕನ್ನಡದ ಪ್ರತ್ಯಯಗಳೂ ಇಂಗ್ಲಿಷಿನ ಪ್ರೆಪೊಸಿಷನ್ನುಗಳೂ ಈ ಗಂಗಾತೀರದಲ್ಲಿ ಎದುರುಬದುರಾಗಿ ಕುಳಿತದ್ದು ಇದೇ ಮೊದಲಲ್ಲ. ಹೌರಾದಿಂದ ಲೋಕಲ್ ರೈಲು ಹತ್ತಿದರೆ ಶ್ರೀರಾಂಪುರ ಸಿಕ್ಕುತ್ತದೆ. ಆಗ ಅದು ಡೇನರ ವಸಾಹತು. ಚಮ್ಮಾರಿಕೆಯಿಂದ ಜೀವನ ಆರಂಭಿಸಿ, 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿ ಅಲ್ಲಿಯ ಮಿಷನ್ನಿನ ಅಚ್ಚುಕೂಟದಲ್ಲಿ ಭಾರತದ ಅನೇಕ ಭಾಷೆಗಳಿಗೆ ಅಚ್ಚಿನ ಮೊಳೆ ಮಾಡಿಸಿದರು. 1812ರ ಮಾರ್ಚಿಯಲ್ಲಿ ಆ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಮೊಳೆಗಳೂ ಹಸ್ತಪ್ರತಿಗಳೂ ಸುಟ್ಟುಹೋದವು. ಮತ್ತೆ ಕಟ್ಟಿದರು. 1817ರಲ್ಲಿ ಅದೇ ಅಚ್ಚುಕೂಟದಿಂದ ಕೇರಿಯವರ ಕನ್ನಡ ವ್ಯಾಕರಣ ಹೊರಬಂತು, ಇಂಗ್ಲಿಷಿನಲ್ಲಿ. ಅಚ್ಚಾದ ಕನ್ನಡ ವ್ಯಾಕರಣಗಳಲ್ಲಿ ತೀರ ಮೊದಲಿನವುಗಳಲ್ಲಿ ಅದೊಂದು. ಕಿಟ್ಟೆಲರ ವ್ಯಾಕರಣ ಮಂಗಳೂರಿನಲ್ಲಿ ಅಚ್ಚಾದದ್ದು 1903ರಲ್ಲಿ, ಅಂದರೆ ಎಂಬತ್ತಾರು ವರ್ಷ ತರುವಾಯ.

ಇದನ್ನು ನಮ್ಮ ಮಗಳಿಗೆ ಹೇಳಿದೆವು. ಇನ್ನೂರು ವರ್ಷದ ಹಿಂದೆ ಒಬ್ಬ ಇಂಗ್ಲಿಷಿನವನು ಇಲ್ಲಿಂದ ಇಷ್ಟೇ ದೂರದಲ್ಲಿ ಕುಳಿತು, ‘ಅಲ್ಲಿ’, ‘ಇಂದ’, ‘ಗೆ’ಗಳನ್ನು ತನ್ನ ‘ಇನ್’, ‘ಫ್ರಮ್’, ‘ಟು’ಗಳಿಗೆ ಹೊಂದಿಸುತ್ತ ಬೆವರಿಳಿಸುತ್ತಿದ್ದನೆಂದರೆ ಅವಳಿಗೆ ಬಹಳ ಸಂತೋಷವಾಯಿತು. “ಅವರ ಹೋಂವರ್ಕ್ ಯಾರು ಕರೆಕ್ಟ್ ಮಾಡ್ತಿದ್ರು?” ಎಂದು ಕೇಳಿದಳು. ನಾವು ಉತ್ತರ ಹುಡುಕುವುದರೊಳಗೆ ಅವಳ ಅಜ್ಜಿ, “ಯಾರೋ ಮನೆಯವರೇ ಮಾಡಿರ್ತಾರೆ ಬಿಡೆ” ಎಂದುಬಿಟ್ಟರು.

ವಾಚಕರ ಮನೆಯ ಮಕ್ಕಳಿಗಾಗಿ ಕೆಳಗೆ ಐದು ವಾಕ್ಯಗಳನ್ನು ಕೊಟ್ಟಿದ್ದೇವೆ. ಇಂಗ್ಲಿಷಿನಲ್ಲಿ ಓದಿ, ತಾಯಿಯೊಡನೆಯೋ ಅಜ್ಜಿಯೊಡನೆಯೋ ಕುಳಿತು ಕನ್ನಡ ಮಾಡಿ, ಆಮೇಲೆ ಫ್ರೇಸಿನ ಸೀಟು ಯಾವುದೆಂದು ಬರೆಯತಕ್ಕದ್ದು. ಕನ್ನಡ ವಾಕ್ಯವಿಲ್ಲದ ಉತ್ತರಗಳನ್ನು ಪರಿಶೀಲಿಸಲಾಗುವುದಿಲ್ಲ. “ದಿ ಪಾಟ್ ಅಂಡರ್ ದಿ ಟ್ಯಾಪ್ ಈಸ್ ಫುಲ್” ಎಂಬಲ್ಲಿ ‘ಅಂಡರ್ ದಿ ಟ್ಯಾಪ್’. “ಕೀಪ್ ದಿ ಪಾಟ್ ಅಂಡರ್ ದಿ ಟ್ಯಾಪ್” ಎಂಬಲ್ಲಿ ಅದೇ. “ಟು ಕ್ರಾಸ್ ದಿ ರೋಡ್ ಹಿಯರ್ ಈಸ್ ಡೇಂಜರಸ್” ಎಂಬಲ್ಲಿ ‘ಟು 크್ರಾಸ್ ದಿ ರೋಡ್ ಹಿಯರ್’. “ಅಜ್ಜಿ ಕೇಮ್ ಟು ಸೀ ದಿ ಪೂಜಾ ಪಂಡಾಲ್ಸ್” ಎಂಬಲ್ಲಿ ‘ಟು ಸೀ ದಿ ಪೂಜಾ ಪಂಡಾಲ್ಸ್’. ಕಡೆಯದಾಗಿ, “ವಿ ಸಾ ಎ ಮ್ಯಾನ್ ಆನ್ ದಿ ರೂಫ್ ವಿತ್ ಎ ಟೆಲಿಸ್ಕೋಪ್” ಎಂಬಲ್ಲಿ ‘ವಿತ್ ಎ ಟೆಲಿಸ್ಕೋಪ್’.

ಕಡೆಯ ವಾಕ್ಯಕ್ಕೆ ಎರಡು ಉತ್ತರಗಳಿವೆ. ಎರಡನ್ನೂ ಕಂಡುಹಿಡಿದ ಮಕ್ಕಳ ಹೆಸರನ್ನು, ಕನ್ನಡ ಮಾಡಿಕೊಟ್ಟವರ ಹೆಸರಿನೊಡನೆ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಉತ್ತರಗಳನ್ನು ಭಾನುವಾರ ಕನ್ನಡ ತರಗತಿಯ ಹೊತ್ತಿನಲ್ಲಿ ಕೈಯಾರೆ ತಂದುಕೊಡಬೇಕು.